ಮನೆಯ ಕೊಳದ ನೀರು

ನೀರನ್ನು ಅಂಗಳಕ್ಕೆ ತಂದು ನಿಲ್ಲಿಸಿಕೊಂಡವರು ಅದರ ಸೇವೆಗೂ ಬದ್ಧರಾಗಬೇಕಾಗುತ್ತದೆ. ಹರಿಯುವ ಹೊಳೆಯು ತನ್ನಲ್ಲಿ ಬಿದ್ದ ಕಸಕಡ್ಡಿಗಳನ್ನು ಕೊಚ್ಚಿಕೊಂಡು ಮುಂದೆ ಸಾಗುವುದು. ನಿಂತ ನೀರಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಬಿದ್ದ ಎಲೆ ಅಲ್ಲಿಯೇ ಕೊಳೆಯುವುದು, ಇಳಿದವರ ಬೆವರು ಅಲ್ಲಿಯೇ ಉಳಿಯುವುದು. ಹಿಂದಿನ ಗೃಹಸ್ಥರು ಇದನ್ನರಿತು, ಬೇಸಗೆಯಲ್ಲಿ ಬಾವಿಯ ನೀರು ತಳ ಸೇರಿದಾಗ ಹೂಳೆತ್ತಿಸಿ ಸುಣ್ಣ ಹಾಕಿಸುತ್ತಿದ್ದರು. ಆದರೆ ಬಾವಿಗೆ ಒರತೆಯುಂಟು. ತೆಗೆದ ನೀರನ್ನು ನೆಲವೇ ಮರಳಿ ಕೊಡುತ್ತದೆ. ಇಂದಿನ ಮನೆಗಳ ಈಜುಕೊಳಕ್ಕಾದರೋ ಒರತೆಯಿಲ್ಲ. ಅದರಿಂದ ಹೊರಚೆಲ್ಲಿದಷ್ಟನ್ನೂ ಊರಿನ ಎಲ್ಲರ ಪಾಲಿನಿಂದಲೇ ತರಬೇಕು. ಈ ಭೇದವನ್ನು ಮರೆತವರಿಗೆ ಕೊಳವು ಭೂಷಣವಲ್ಲ, ಋಣ.

ಬೆಂಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ಗೃಹಸ್ಥರೊಬ್ಬರು ಮಕ್ಕಳ ಸಂತೋಷಕ್ಕಾಗಿ ಇಂತಹದೊಂದು ಕೊಳವನ್ನು ಕಟ್ಟಿಸಿದ್ದರು. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ ಒಂದೂಕಾಲು ಮೀಟರ್; ಒಟ್ಟು 40,000 ಲೀಟರ್ ನೀರು. ಮೊದಲ ವರ್ಷದ ಆದರವು ಬರಬರುತ್ತ ಕುಂದಿತು. 2024ರ ಬೇಸಗೆಯಲ್ಲಿ ಮನೆಯವರು ಹದಿನೈದು ದಿನ ಪ್ರವಾಸ ಹೋಗಿ ಬಂದು ನೋಡುವಲ್ಲಿ, ನೀರು ಹಸುರುಗಟ್ಟಿ ಮೆಟ್ಟಿಲುಗಳೇ ಕಾಣದಾಗಿದ್ದವು. ಎಲ್ಲವನ್ನೂ ಮೋರಿಗೆ ಬಿಟ್ಟು ಹೊಸ ನೀರನ್ನು ತುಂಬಿಸುವುದೆಂದು ಗೃಹಸ್ಥರು ನಿಶ್ಚಯಿಸಿದರು.

ಆ ವರ್ಷ ರಾಜಧಾನಿಯಲ್ಲಿ ನೀರಿಗೆ ಹಾಹಾಕಾರವೆದ್ದಿತ್ತು. ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಲಿಯು ಮಾರ್ಚಿ ತಿಂಗಳಲ್ಲಿ ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತ್ತು. ದಂಡ ತೆತ್ತರಾಯಿತೆಂದು ಮಗನು ಹೇಳಿದಾಗ, ಬಾವಿಯ ಮನೆಯಲ್ಲಿ ಹುಟ್ಟಿ ಬೆಳೆದ ತಾಯಿಯವರು, "ಮಗು, ಪಾತ್ರೆ ತೊಳೆಯುವವಳು ನಾಲ್ಕು ಕೊಡ ನೀರಿಗಾಗಿ ಟ್ಯಾಂಕರಿನ ಮುಂದೆ ನಿಂತು ಇವತ್ತೂ ತಡವಾಗಿ ಬಂದಿದ್ದಾಳೆ. ಅವಳ ಕಣ್ಣೆದುರಿಗೇ ಇಷ್ಟನ್ನೂ ಮೋರಿಗೆ ಬಿಡುತ್ತೀಯೇನಪ್ಪಾ?" ಎಂದರು. 15 ಲೀಟರಿನ ಕೊಡದಿಂದ ಅಳೆದರೆ ಕೊಳದಲ್ಲಿದ್ದುದು 2,600 ಕೊಡಗಳಿಗೂ ಮಿಕ್ಕಿದ ನೀರು. ಮಗನಿಗೆ ಉತ್ತರ ತೋಚಲಿಲ್ಲ.

ಕೆಟ್ಟ ನೀರನ್ನು ಚೆಲ್ಲದೆಯೂ ತಿದ್ದಬಹುದು. ಎಲೆಗಳನ್ನು ಬಲೆಯಿಂದ ಎತ್ತಿದುದಾಯಿತು. ಗೋಡೆ, ಮೂಲೆ, ಮೆಟ್ಟಿಲುಗಳನ್ನು ಬಿರುಸಾದ ಬ್ರಷ್ಷಿನಿಂದ ಉಜ್ಜಿದುದಾಯಿತು. ಪಾಚಿಯ ಪದರವು ಒಡೆಯದೆ ಮದ್ದು ಅದರೊಳಕ್ಕೆ ಇಳಿಯದು. ಬಳಿಕ ಸಂಜೆಯ ಹೊತ್ತಿನಲ್ಲಿ ಕ್ಲೋರೀನನ್ನು ಹೆಚ್ಚಾಗಿ ಕೂಡಿಸಿ, ಪಂಪನ್ನು ಹಗಲಿರುಳೂ ನಡೆಸಿದರು. ಮರಳಿನ ಶೋಧಕವು ಕಟ್ಟಿಕೊಂಡು ಒತ್ತಡದ ಮುಳ್ಳು ಏರಿದಾಗಲೆಲ್ಲ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳನ್ನು ತೊಳೆದರು. ಹಸುರು ಅಳಿದು ಬಿಳಿಯ ಮಬ್ಬಾಯಿತು. ಮಬ್ಬು ಕರಗಿ, ಎಂಟನೆಯ ದಿನ ತಳದ ಹಂಚುಗಳನ್ನು ಎಣಿಸುವಂತಾಯಿತು.

ಇಷ್ಟು ಶ್ರಮವನ್ನು ತಪ್ಪಿಸುವ ನಿತ್ಯವಿಧಿಯು ಅತ್ಯಲ್ಪವಾದುದು. ನೀರಿನ ಹತ್ತು ಲಕ್ಷ ಭಾಗಕ್ಕೆ 1ರಿಂದ 3 ಭಾಗ ಕ್ಲೋರೀನ್ ಸದಾ ಇದ್ದರೆ ಸಾಕು. ಅಷ್ಟು ದೊಡ್ಡ ಕೊಳದಲ್ಲಿ ಒಂದು ಭಾಗವನ್ನು ಹೆಚ್ಚಿಸಲು ಬೇಕಾದ ಕ್ಲೋರೀನ್ 40 ಗ್ರಾಂ ಮಾತ್ರ. ಪ್ರಖರವಾದ ಬಿಸಿಲು ಇದರ ಬಲವನ್ನು ಬೇಗ ಕುಂದಿಸುವುದರಿಂದ ಸೂರ್ಯಾಸ್ತದ ಮೇಲೆ ಹಾಕುವುದು ಲೇಸು. ನೀರಿನ ಆಮ್ಲಕ್ಷಾರಗಳ ಸಮತೆಯನ್ನು ತೋರಿಸುವ ಪಿಎಚ್ ಅಂಕವು 7.2ರಿಂದ 7.8ರ ಒಳಗಿರಬೇಕು. ಏರಿದರೆ ಕ್ಲೋರೀನಿನ ಶಕ್ತಿ ಕುಗ್ಗುವುದು. ಇಳಿದರೆ ಕಣ್ಣು ಉರಿಯುವುದು, ಲೋಹ ಸವೆಯುವುದು. ಆಮ್ಲವನ್ನು ನೀರಿಗೆ ಸುರಿಯಬೇಕಲ್ಲದೆ ನೀರನ್ನು ಆಮ್ಲಕ್ಕೆ ಸುರಿಯಲಾಗದು. ಬ್ಲೀಚಿಂಗ್ ಪುಡಿಯನ್ನೂ ಆಮ್ಲವನ್ನೂ ಎಂದಿಗೂ ಬೆರೆಸತಕ್ಕದ್ದಲ್ಲ; ಬೆರೆತರೆ ಹೊರಡುವುದು, 1915ರಲ್ಲಿ ಯೂರೋಪಿನ ರಣರಂಗದಲ್ಲಿ ಸೈನಿಕರನ್ನು ಕೊಂದ ಅದೇ ವಿಷಾನಿಲ.

ಕೊಳದಿಂದ ತೀಕ್ಷ್ಣವಾದ ವಾಸನೆ ಬಂದರೆ ನೀರು ಬಹಳ ಶುದ್ಧವಾಗಿದೆಯೆಂದು ಹಲವರು ಭಾವಿಸುವರು. ಸಂಗತಿಯು ಇದಕ್ಕೆ ತದ್ವಿರುದ್ಧವಾದುದು. ಬೆವರು, ಮೂತ್ರಗಳೊಡನೆ ಕ್ಲೋರೀನ್ ಕೂಡಿ ಹುಟ್ಟಿದ ಸಂಯುಕ್ತಗಳ ವಾಸನೆಯದು, ಅಶುದ್ಧಿಯ ಸಾಕ್ಷಿ. ಮೈ ತೊಳೆದುಕೊಂಡೇ ಕೊಳಕ್ಕಿಳಿಯಬೇಕೆಂಬ ನಿಯಮವು ಈ ಕಾರಣದಿಂದ ಕೇವಲ ಮಡಿಯ ಮಾತಲ್ಲ.

ಕತಕವೆಂದು ಸಂಸ್ಕೃತದಲ್ಲಿ ಹೆಸರಾದ ಚಿಲ್ಲದ ಬೀಜವನ್ನು ಹಿಂದಿನವರು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುತ್ತಿದ್ದರು. ಮನುಸ್ಮೃತಿಯಲ್ಲಿ ಈ ಮರವು ಆಚರಣೆಯಿಲ್ಲದ ಧರ್ಮಚಿಹ್ನೆಯ ವ್ಯರ್ಥತೆಗೆ ದೃಷ್ಟಾಂತವಾಗಿದೆ. ಡಬ್ಬಿಗಟ್ಟಲೆ ಮದ್ದುಗಳನ್ನು ಕೊಂಡು ಉಗ್ರಾಣದಲ್ಲಿ ಇಟ್ಟವರಿಗೂ ಅದು ಸಲ್ಲುವ ಮಾತೇ. ಆ ಗೃಹಸ್ಥರ ಮನೆಯಲ್ಲಿ ಈಗ ಕೊಳವನ್ನು ಬಳಸದ ವೇಳೆಯಲ್ಲಿ ಹೊದಿಕೆ ಹಾಸುತ್ತಾರೆ. ಆವಿಯಾಗಿ ಹೋದಷ್ಟನ್ನು ಮಾಡಿನ ಮಳೆನೀರಿನಿಂದ ತುಂಬುತ್ತಾರೆ. ಸಂಜೆ ನೀರನ್ನು ಪರೀಕ್ಷಿಸುವ ಕೆಲಸ ಈಜುವ ಮಕ್ಕಳ ಪಾಲಿಗೆ ಬಂದಿದೆ. ದೊಡ್ಡವರೊಬ್ಬರು ಜೊತೆಯಲ್ಲಿ ನಿಂತ ಹೊರತು ಅವರು ದಡಕ್ಕೆ ಹೋಗುವಂತಿಲ್ಲ. ಮದ್ದನ್ನು ಮುಟ್ಟುವಂತೆಯೂ ಇಲ್ಲ. ಅಂಕವನ್ನು ಓದಿ ಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಅವರಿಗೆ ಮರುದಿನದ ಈಜು.