ನೀರು ಸಿಂಪಡಿಸಲಾಗುವುದು

ನಾನು ಪಿಆರ್ ಕೆಲಸದಲ್ಲಿದ್ದೀನಿ ಅಂದರೆ ನಮ್ಮೂರು ಹೊಸದುರ್ಗದಲ್ಲಿ ಇವತ್ತಿಗೂ ಅರ್ಧ ಜನಕ್ಕೆ ಅರ್ಥ ಆಗಲ್ಲ. ‘ಪೇಪರ್‌ನೋರಾ?’ ಅಂತಾರೆ. ಅಲ್ಲ ಅಂದರೆ ‘ಮತ್ತೆ ಟೀವಿನಾ?’ ಅಂತಾರೆ. ಕಂಪನಿಗಳ ಪರವಾಗಿ ಜನರ ಹತ್ತಿರ ಮಾತಾಡೋ ಕೆಲಸ ಅಂತ ಒಂದು ಸಲ ಸೋದರತ್ತೆಗೆ ಬಿಡಿಸಿ ಹೇಳಿದ್ದೆ. ಅತ್ತೆ ಅಡಿಕೆ ಸುಲಿಯೋದನ್ನ ನಿಲ್ಲಿಸದೆ, ‘ಯಾಕೆ, ಕಂಪನಿಯೋರಿಗೆ ಬಾಯಿ ಇಲ್ವಾ?’ ಅಂದಿದ್ದಳು. ಬೆಂಗಳೂರಿಗೆ ವಾಪಸ್ ಬಂದು ಆಫೀಸಿನಲ್ಲಿ ಇದನ್ನ ಜೋಕ್ ಥರ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಅದಾಗಿ ಎರಡು ವರ್ಷಕ್ಕೆ ನಮ್ಮ ಏಜೆನ್ಸಿಗೆ ಒಂದು ಗಣಿ ಕಂಪನಿಯ ಕೆಲಸ ಬಂತು. ಜಾಗ ಹೊಳಲ್ಕೆರೆ ತಾಲ್ಲೂಕು. ‘ನಿಮ್ಮ ಕಡೆ ಅಲ್ವಾ, ನೀವೇ ನೋಡ್ಕೊಳ್ಳಿ’ ಅಂದರು ಬಾಸ್. ಕಂಪನಿ ಯಾವುದು, ಊರು ಯಾವುದು ಅಂತ ಇಲ್ಲಿ ಹೇಳಲ್ಲ. ಅತ್ತೆಯನ್ನ ಕೊಟ್ಟಿದ್ದು ಆ ಊರಿಗೇ ಅನ್ನೋದನ್ನ ನಾನು ಆಫೀಸಿನಲ್ಲೂ ಹೇಳಿರಲಿಲ್ಲ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಣಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಬಳ್ಳಾರಿ. ಆದರೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲೂ ಕಬ್ಬಿಣದ ಅದಿರಿದೆ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದನ್ನ ವಿಸ್ತರಿಸಿತು. ಆಮೇಲೆ ಷರತ್ತಿನ ಮೇಲೆ ಶುರುವಾಯಿತು, ಆದರೆ ವರ್ಷಕ್ಕೆ ಇಷ್ಟೇ ತೆಗೀಬೇಕು ಅಂತ ಮಿತಿ ಹಾಕಿದರು. ಚಿತ್ರದುರ್ಗ, ತುಮಕೂರು ಎರಡೂ ಸೇರಿ 70 ಲಕ್ಷ ಟನ್ ಇದ್ದ ಆ ಮಿತಿ 2022ರ ಆಗಸ್ಟ್‌ನಲ್ಲಿ 1.5 ಕೋಟಿ ಟನ್‌ಗೆ ಏರಿತು. ಗುಡ್ಡದಿಂದ ಎರಡರಷ್ಟು ಅದಿರು ಇಳಿಯಬಹುದು ಅಂದರೆ ರಸ್ತೆ ಮೇಲೆ ಎಷ್ಟು ಲಾರಿ ಅಂತ ನೀವೇ ಲೆಕ್ಕ ಹಾಕಿ. ಭೀಮಸಮುದ್ರದ ಕಡೆಯ ಅದಿರು ಲಾರಿ, ಕೆಂಧೂಳು, ರಸ್ತೆ ತಡೆ, ಇವೆಲ್ಲ ಜಿಲ್ಲೆಯ ಪೇಪರ್ ಓದೋರಿಗೆ ಹೊಸದಲ್ಲ.

ದೊಡ್ಡ ಗಣಿಗೆ ಪರಿಸರ ಅನುಮತಿ ಬೇಕಾದರೆ ಮೊದಲು ಆ ಊರ ಹತ್ತಿರ ಸಾರ್ವಜನಿಕ ಅಹವಾಲು ಸಭೆ ನಡೀಬೇಕು. 2006ರ ಇಐಎ ಅಧಿಸೂಚನೆಯ ನಿಯಮ ಇದು. ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಬಂದೋರಿಗೆಲ್ಲ ಪ್ರಶ್ನೆ ಕೇಳೋ ಹಕ್ಕಿದೆ, ಇಡೀ ಸಭೆಯ ವಿಡಿಯೊ ಆಗಬೇಕು. ನನಗೆ ಬಹಳ ಇಷ್ಟವಾದ ಒಂದು ಸಾಲೂ ಅದರಲ್ಲಿದೆ: ಪೇಪರ್ ತಲುಪದ ಕಡೆ ತಮಟೆ ಬಾರಿಸಿ ತಿಳಿಸಬೇಕು. ದಿಲ್ಲಿಯ ಗೆಜೆಟ್‌ನಲ್ಲಿ ನಮ್ಮೂರ ಡಂಗುರ! ಕಮ್ಯುನಿಕೇಶನ್ ಓದುವಾಗ ಯಾವ ಮೇಷ್ಟ್ರೂ ನನಗೆ ಇದನ್ನ ಹೇಳಿರಲಿಲ್ಲ.

ನನಗೆ ಒಪ್ಪಿಸಿದ್ದು ಕನ್ನಡದ ಸಾರಾಂಶ. ಅದಕ್ಕೆ ರೂಢಿಯ ಹೆಸರು ‘ಕಾರ್ಯನಿರ್ವಾಹಕ ಸಾರಾಂಶ’. ಅದು ಯಾವ ಕಾರ್ಯ ನಿರ್ವಹಿಸುತ್ತೋ ದೇವರಿಗೇ ಗೊತ್ತು. ಇಂಟರ್ನ್ ಹುಡುಗ ಇಂಗ್ಲಿಷನ್ನ ಎಐಗೆ ಕೊಟ್ಟು ಎರಡು ನಿಮಿಷದಲ್ಲಿ ಕನ್ನಡ ತೆಗೆದುಕೊಟ್ಟಿದ್ದ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’, ‘ಧೂಳು ನಿಗ್ರಹಕ್ಕಾಗಿ ನಿಯಮಿತವಾಗಿ ನೀರು ಸಿಂಪಡಿಸಲಾಗುವುದು’, ‘ಪರಿಣಾಮವು ನಗಣ್ಯವಾಗಿರುತ್ತದೆ’. ಎಐಯನ್ನ ಬೈಯೋ ಹಾಗಿಲ್ಲ. ಇಷ್ಟು ವರ್ಷ ನಾವು ಬರೆದ ಪ್ರೆಸ್‌ನೋಟ್, ಸುತ್ತೋಲೆ, ಜಾಹೀರಾತು ಓದಿಯೇ ಅದು ಈ ಕನ್ನಡ ಕಲಿತಿರೋದು. ನಾನು ಕಾಗುಣಿತ ತಿದ್ದಿದೆ, ವಾಕ್ಯಗಳನ್ನ ಸ್ವಲ್ಪ ನಯ ಮಾಡಿದೆ. ಲಾರಿಗಳ ಸಂಖ್ಯೆ ಇದ್ದ ಒಂದು ಪಟ್ಟಿ ಇಂಗ್ಲಿಷಿನ ಸಾರಾಂಶದಲ್ಲಿತ್ತು. ಕನ್ನಡದಲ್ಲಿ ಪುಟ ಜಾಸ್ತಿ ಆಗುತ್ತೆ ಅಂತ ಅದನ್ನ ಒಂದು ಸಾಲಿಗೆ ಇಳಿಸಿದೆ: ‘ಸಂಚಾರ ದಟ್ಟಣೆಯಲ್ಲಿ ಅಲ್ಪ ಪ್ರಮಾಣದ ಹೆಚ್ಚಳ ನಿರೀಕ್ಷಿಸಲಾಗಿದೆ’. ಯಾರೂ ಹಾಗೆ ಮಾಡು ಅಂದಿರಲಿಲ್ಲ. ಅದನ್ನ ಇಲ್ಲಿ ಬರೆದಿಟ್ಟುಬಿಡ್ತೀನಿ.

ಸಭೆಯ ದಿನ ಬೆಳಗಿನ ಜಾವ ಹೊರಟು ಹಿರಿಯೂರಲ್ಲಿ ತಿಂಡಿ ಮಾಡಿ ಹೋದ್ವಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು, ಕೇಸರಿಬಾತ್, ಮೂಲೆಯಲ್ಲಿ ಪೊಲೀಸ್ ಜೀಪು. ಪ್ರೊಜೆಕ್ಟರ್ ಹಚ್ಚಿದರೆ ಬಿಸಿಲಿಗೆ ಪರದೆ ಮೇಲೆ ಏನೂ ಕಾಣಲಿಲ್ಲ. ಕಂಪನಿಯ ಎಂಜಿನಿಯರು ನನ್ನ ಕನ್ನಡವನ್ನೇ ಓದತೊಡಗಿದರು. ಐದು ನಿಮಿಷಕ್ಕೆ ಹಿಂದಿನ ಸಾಲಿನೋರು ಎದ್ದು ಟೀ ಕುಡಿಯೋಕೆ ಹೊರಟರು. ನಾನು ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡ್ತಾ ಬೆಳೆದೋಳು. ಕೊನೇ ಮೆಟ್ಟಿಲಲ್ಲಿ ಕೂತೋರಿಗೆ ಮಾತು ಮುಟ್ಟದಿದ್ದರೆ ಅವರು ಎದ್ದು ಹೋಗ್ತಾರೆ, ಅದು ನನಗೆ ಎಂಟನೇ ಕ್ಲಾಸಿಗೇ ಗೊತ್ತಿತ್ತು. ಪಿಆರ್‌ಗೆ ಬಂದ ಮೇಲೆ ಎಲ್ಲಿ ಮರೆತೆನೋ.

ನಾನು ವೇದಿಕೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ತಲೆ ಬಗ್ಗಿಸಿ, ಎಕ್ಸೆಲ್ ಶೀಟಿನಲ್ಲಿ ಬರ್ಕೊಳ್ತಾ ಇದ್ದೆ. ಯಾರು ಮಾತಾಡಿದರು, ವಿಷಯ ಏನು, ಭಾವ ಏನು ಅಂತ ಕಾಲಂಗಳು. ಭಾವಕ್ಕೆ ಬಣ್ಣ: ಹಸಿರು, ಹಳದಿ, ಕೆಂಪು. ನಮ್ಮ ಧಂದೆಯಲ್ಲಿ ಇದಕ್ಕೆ ಸೆಂಟಿಮೆಂಟ್ ಟ್ರ್ಯಾಕಿಂಗ್ ಅಂತಾರೆ. ಕೆಲಸ ಸಿಗುತ್ತೆ ಅಂತ ಗಣಿ ಬೇಕು ಅಂದೋರೂ ಇದ್ದರು, ಕಡಮೆ ಏನಲ್ಲ. ಅವರಿಗೆ ಹಸಿರು. ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು. ತಲೆ ಎತ್ತದೆ ಗೊತ್ತಾಯಿತು, ಅತ್ತೆ.

‘ನೀರು ಸಿಂಪಡಿಸಲಾಗುವುದು ಅಂತ ಓದಿದ್ರಲ್ಲ, ಯಾರು ಸಿಂಪಡಿಸೋರು?’

ಎಂಜಿನಿಯರು, ‘ಟ್ಯಾಂಕರ್ ವ್ಯವಸ್ಥೆ ಇರುತ್ತೆ ಅಮ್ಮ’ ಅಂದರು.

‘ಇರುತ್ತೆ ಸರಿ. ಎಷ್ಟೊತ್ತಿಗೆ ಬರುತ್ತೆ?’

‘ನಿಯಮಿತವಾಗಿ.’

‘ಅದೇ ಎಷ್ಟೊತ್ತಿಗೆ ಅಂತ. ನಮ್ಮನೆ ಅಂಗಳ ರಸ್ತೆಗೈತೆ. ಬೇಯಿಸಿದ ಅಡಿಕೇನ ಬೆಳಿಗ್ಗೆ ಹರವ್ತೀವಿ. ಚೊಗರು ಆರೋವರೆಗೂ ಅಂಟಂಟು ಇರುತ್ತೆ. ಆಗ ನಿಮ್ ಲಾರಿ ಹೋದ್ರೆ ಧೂಳೆಲ್ಲ ಅದಕ್ಕೇ ಹತ್ಕೊಳ್ಳುತ್ತೆ. ಮಧ್ಯಾಹ್ನ ಬಂದು ನೀರು ಹೊಡೆದ್ರೆ ಏನು ಬಂತು? ಕೆಂಪಡಿಕೆ ಮೇಲೆ ಕೆಂಪು ಧೂಳು ಕಾಣಲ್ಲ ಅನ್ಕೊಂಡ್ರಾ? ಮಂಡಿಯೋನು ಬೆರಳಲ್ಲಿ ಒಂದು ಸಲ ಉಜ್ಜಿದ್ರೆ ಮುಗೀತು, ರೇಟು ಇಳಿಸ್ತಾನೆ.’

ಪಕ್ಕದಲ್ಲಿದ್ದ ಒಬ್ಬ ಹುಡುಗ ಅಷ್ಟರಲ್ಲಿ ಮೊಬೈಲಿನಲ್ಲಿ ಲೆಕ್ಕ ಮಾಡಿಬಿಟ್ಟಿದ್ದ. ಅಂಕಿಗಳನ್ನ ಇಲ್ಲಿ ದುಂಡಗೆ ಮಾಡಿ ಹೇಳ್ತೀನಿ: ವರ್ಷಕ್ಕೆ 3 ಲಕ್ಷ ಟನ್, 300 ದಿನ, ಅಂದರೆ ದಿನಕ್ಕೆ 1,000 ಟನ್. ಒಂದು ಲಾರಿಗೆ 20 ಟನ್ ಹಿಡಿದರೆ 50 ಲಾರಿ. ಹೋಗಿ ಬರೋದು ಸೇರಿ 100 ಸಲ. ಹತ್ತು ಗಂಟೆ ಓಡಿಸಿದರೆ ಆರು ನಿಮಿಷಕ್ಕೊಂದು. ‘ಅಲ್ಪ ಪ್ರಮಾಣ ಅಂದ್ರೆ ಆರು ನಿಮಿಷಕ್ಕೊಂದು ಲಾರಿನಾ ಸಾರ್?’ ಅಂದ. ಶಾಮಿಯಾನ ಪೂರ್ತಿ ನಕ್ಕಿತು. ಎಂಜಿನಿಯರು ನನ್ನ ಕಡೆ ನೋಡಿದರು. ನಾನು ಶೀಟಿನ ಕಡೆ ನೋಡಿದೆ. ಅಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಆಗಲೇ ಬರೆದಿತ್ತು: ‘ಮಹಿಳೆ, ಸುಮಾರು 60. ಧೂಳಿನ ಬಗ್ಗೆ ಆತಂಕ. ಭಾವನಾತ್ಮಕ.’ ಬಣ್ಣ ಕೆಂಪು.

ಅತ್ತೆಗೆ ಆತಂಕ ಇರಲಿಲ್ಲ. ಅವಳು ಟೈಮ್ ಕೇಳಿದ್ದಳು. ಇಡೀ ಸಭೆಯಲ್ಲಿ ಅಷ್ಟು ಖಚಿತವಾದ, ತಾಂತ್ರಿಕವಾದ ಪ್ರಶ್ನೆಯನ್ನ ಇನ್ಯಾರೂ ಕೇಳಲಿಲ್ಲ.

ಸಂಜೆ ಟೀಮಿನೋರನ್ನ ಕಾರಲ್ಲಿ ಕಳಿಸಿ ಅವಳ ಮನೆಗೆ ಹೋದೆ. ‘ಬಾರವ್ವಾ, ಅಲ್ಲಿ ನೋಡಿದ ಹಂಗಾತು, ನೀನೇ ಅಂತ ಖಾತ್ರಿ ಆಗಲಿಲ್ಲ’ ಅಂದಳು. ನೋಡಿರ್ತಾಳೆ, ಖಾತ್ರಿನೂ ಆಗಿರುತ್ತೆ. ಎಲ್ಲರೆದುರು ನನ್ನನ್ನ ಕರೀಲಿಲ್ಲ, ಅಷ್ಟೇ. ಮುದ್ದೆ, ಹುರುಳಿಕಾಳಿನ ಸಾರು ಆಯಿತು. ಆಮೇಲೆ ಗೂಡಿನಿಂದ ಸಾರಾಂಶದ ಜೆರಾಕ್ಸ್ ತೆಗೆದು ನನ್ನ ಮುಂದಿಟ್ಟಳು. ಮೊಮ್ಮಗನ ಕೈಲಿ ಎರಡು ಸಲ ಓದಿಸಿದ್ದಳಂತೆ.

‘ಇದರಾಗೆ ಯಾರೂ ಇಲ್ವಲ್ಲೇ. ಅಗೆಯಲಾಗುವುದು, ಸಾಗಿಸಲಾಗುವುದು, ನೆಡಲಾಗುವುದು. ದೆವ್ವ ಮಾಡುತ್ತಾ ಇದನ್ನೆಲ್ಲಾ?’

‘ನಾನೇ ಬರೆದಿದ್ದು ಅತ್ತೆ.’

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಸ್ವಲ್ಪ ಹೊತ್ತು ಕೂತು, ‘ನಿಮ್ಮಪ್ಪ ಕಾಗದ ಬರೆದ್ರೆ ಹಿಂಗಿರ್ತಿರಲಿಲ್ಲ. ಈ ತಿಂಗಳು ದುಡ್ಡು ಕಳ್ಸೋಕಾಗಲ್ಲ, ಯುಗಾದಿ ಆದ್ಮೇಲೆ ನಾನೇ ತಂದ್ಕೊಡ್ತೀನಿ ಅಂತ ಬರೀತಿದ್ದ’ ಅಂದಳು.

ವಾಪಸ್ ಬರೋ ಬಸ್ಸಿನಲ್ಲಿ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಮನೆಯಲ್ಲಿ, ಬೀದಿಯಲ್ಲಿ, ಜಗಳದಲ್ಲಿ ನಾವು ಯಾರಾದರೂ ‘ಲಾಗುವುದು’ ಅಂತ ಮಾತಾಡ್ತೀವಾ? ‘ಸಂಜೆ ಹಾಲು ತರಲಾಗುವುದು’ ಅಂತ ಗಂಡನಿಗೆ ಹೇಳಿ ನೋಡಿ. ಮಾತಿನ ಕನ್ನಡದಲ್ಲಿ ಮಾಡೋನು ಇದ್ದೇ ಇರ್ತಾನೆ. ‘ತರ್ತೀನಿ’ ಅಂದ ಕೂಡಲೇ ಅದರೊಳಗೆ ನಾನು ಇರ್ತೀನಿ, ತರದಿದ್ದರೆ ಸಿಕ್ಕಿಬೀಳ್ತೀನಿ. ಮಾಡೋನನ್ನ ವಾಕ್ಯದಿಂದ ಎತ್ತಿಬಿಡೋ ಈ ಕನ್ನಡ ಕಚೇರಿಯದ್ದು, ವಕೀಲರದ್ದು. ಈಗ ನನ್ನದೂ. 2020ರಲ್ಲಿ ಹೊಸ ಇಐಎ ಕರಡು ಭಾರತೀಯ ಭಾಷೆಗಳಲ್ಲಿ ಬರಬೇಕು ಅಂತ ದಿಲ್ಲಿ ಹೈಕೋರ್ಟ್ ಹೇಳಿದಾಗ, ಕರ್ನಾಟಕ ಹೈಕೋರ್ಟ್ ಕೂಡ ಅದನ್ನ ಅಂತಿಮಗೊಳಿಸದಂತೆ ತಡೆದಾಗ, ಫೇಸ್‌ಬುಕ್‌ನಲ್ಲಿ ಖುಷಿಯಿಂದ ಪೋಸ್ಟ್ ಹಾಕಿದ್ದೋಳು ನಾನೇ. ಕನ್ನಡದಲ್ಲಿ ಬಂದರೆ ಸಾಕು ಅಂದ್ಕೊಂಡಿದ್ದೆ.

ನಮ್ಮ ವೃತ್ತಿಯ ಶುರುವಾತಿನಲ್ಲೂ ಒಂದು ಗಣಿ ಇದೆ, ಗೊತ್ತಾ? ಐವಿ ಲೀ ಅನ್ನೋ ಅಮೆರಿಕದವನು 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರ ಕೆಲಸ ಮಾಡ್ತಾ, ನಮ್ಮದೆಲ್ಲ ಬಹಿರಂಗ, ಕೊಡೋ ಮಾಹಿತಿ ಖರೆ, ಬೇಕಾದರೆ ಪರೀಕ್ಷಿಸಿ ಅಂತ ಪತ್ರಿಕೆಗಳಿಗೆ ಒಂದು ಘೋಷಣೆ ಕಳಿಸಿದ. ಪಿಆರ್ ಪುಸ್ತಕಗಳು ಇವತ್ತಿಗೂ ಅದನ್ನ ಹೊಗಳ್ತವೆ. ಎಂಟು ವರ್ಷ ಕಳೆದ ಮೇಲೆ, 1914ರಲ್ಲಿ, ಕೊಲರಾಡೊದ ಲಡ್ಲೋದಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರು, ಅವರ ಹೆಂಡತಿ ಮಕ್ಕಳು ಸತ್ತಾಗ ಇದೇ ಲೀ ಮಾಲೀಕರ ಪರ ಹಂಚಿದ ಪ್ರಕಟಣೆಗಳಲ್ಲಿ ತಪ್ಪು ಅಂಕಿಗಳಿದ್ದವು. ಕಂಪನಿ ಕೊಟ್ಟಿದ್ದನ್ನ ಪರೀಕ್ಷಿಸದೆ ಹಾಕಿದ್ದ. 1984ರಲ್ಲಿ ಗ್ರೂನಿಗ್ ಮತ್ತು ಹಂಟ್ ಬಂದು, ಎರಡೂ ಕಡೆ ಸಮನಾಗಿ ಹರಿಯೋ ಸಂವಾದವೇ ಒಳ್ಳೇ ಪಿಆರ್ ಅಂದರು. ಜನ ಹೇಳಿದ್ದಕ್ಕೆ ಕಂಪನಿಯೂ ಬದಲಾಗಬೇಕು. ನಮ್ಮ ಪಿಪಿಟಿಗಳಲ್ಲಿ ಎರಡು ಬಾಣದ ಗುರುತು ಹಾಕಿ ಅದನ್ನ ತೋರಿಸ್ತೀವಿ. ಎರಡನೇ ಬಾಣ ನನ್ನ ಎಕ್ಸೆಲ್ ಶೀಟಿನಲ್ಲಿ ಬಂದು ಕೆಂಪು ಬಣ್ಣ ಆಗುತ್ತೆ, ಅಲ್ಲೇ ನಿಲ್ಲುತ್ತೆ.

ಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಕಂಪನಿ ಉತ್ತರ ಬರೆದು ಅಂತಿಮ ವರದಿಗೆ ಸೇರಿಸಬೇಕು. ಆ ಕೋಷ್ಟಕದಲ್ಲಿ ಧೂಳಿನ ಮುಂದೆ ನಾನು ಹೀಗೆ ಬರೆದೆ: ‘ಬೆಳಿಗ್ಗೆ ಮೊದಲ ಲಾರಿ ಹೊರಡೋ ಮುಂಚೆ ಟ್ಯಾಂಕರ್ ಊರೊಳಗಿನ ರಸ್ತೆಗೆ ನೀರು ಹಾಕುತ್ತದೆ. ಅಡಿಕೆ ಸುಗ್ಗಿಯಲ್ಲಿ ಬೆಳಿಗ್ಗೆ 11ರವರೆಗೆ ಲಾರಿ ಬಿಡುವುದಿಲ್ಲ. ಇದಕ್ಕೆ ಗಣಿ ಮ್ಯಾನೇಜರ್ ಜವಾಬ್ದಾರಿ. ಅವರ ಫೋನ್ ನಂಬರ್ ಪಂಚಾಯ್ತಿ ಗೋಡೆ ಮೇಲೆ ಬರೆಸುತ್ತೇವೆ.’ ಲಾರಿಗಳ ಪಟ್ಟಿಯನ್ನೂ ವಾಪಸ್ ಹಾಕಿದೆ. ಮೂರು ದಿನಕ್ಕೆ ಕಡತ ತಿದ್ದುಪಡಿಯಾಗಿ ಬಂತು. ಪಟ್ಟಿ ಉಳಿದಿತ್ತು. ಉಳಿದಿದ್ದಕ್ಕೆಲ್ಲ ಕೆಂಪು ಗೆರೆ ಹೊಡೆದು, ಮೇಲೆ ಒಂದೇ ಸಾಲು: ‘ನಿಯಮಿತವಾಗಿ ನೀರು ಸಿಂಪಡಿಸಲಾಗುವುದು’. ಫೋನ್ ಮಾಡಿದರೆ ಬಾಸ್, ‘ಹನ್ನೊಂದು ಗಂಟೆ ಅಂತ ಬರೆದುಬಿಟ್ಟರೆ ಅದು ಕಮಿಟ್‌ಮೆಂಟ್ ಆಗುತ್ತಲ್ರೀ’ ಅಂದರು. ತಮಾಷೆ ಅಂದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಮಿಟ್‌ಮೆಂಟ್ ಆಗಲಿ ಅಂತಲೇ ನಾನು ಬರೆದಿದ್ದು.

ಅರ್ಧ ಗಂಟೆ ಆ ಕಡತ ನೋಡ್ತಾ ಕೂತೆ. ಮನೆಗೆ ಇಎಂಐ ಇದೆ, ಆ ವರ್ಷದ ಅಪ್ರೈಸಲ್ ಎದುರಿಗಿತ್ತು. ‘ಅಕ್ಸೆಪ್ಟ್ ಆಲ್’ ಒತ್ತಿದೆ.

ದೀಪಾವಳಿಗೆ ಅತ್ತೆ ಫೋನ್ ಮಾಡಿದ್ದಳು. ತೋಟ, ಮೊಣಕಾಲು, ಮೊಮ್ಮಗನ ಪಿಯುಸಿ ಎಲ್ಲ ಆದ ಮೇಲೆ ನಿಧಾನಕ್ಕೆ, ‘ಟೈಮು ಗೊತ್ತಾತೇನವ್ವಾ?’ ಅಂದಳು. ಗಣಿಗೆ ಅನುಮತಿ ಇನ್ನೂ ಬಂದಿಲ್ಲ ಅಂದೆ. ಬಂದರೆ ಷರತ್ತುಗಳು ಪೇಪರಿನಲ್ಲಿ ಬರ್ತವೆ, ಅದನ್ನ ಕತ್ತರಿಸಿ ಇಟ್ಟುಕೋ ಅಂದೆ. ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಪನಿ ಆ ಷರತ್ತುಗಳನ್ನ ಪಾಲಿಸಿದ ವರದಿ ಕೊಡಲೇಬೇಕು, ಅದು ಸಾರ್ವಜನಿಕ ದಾಖಲೆ, ಪಂಚಾಯ್ತಿಯೋರ ಕೈಲಿ ಕೇಳಿಸು, ನೀರು ಯಾವ ದಿನ, ಎಷ್ಟೊತ್ತಿಗೆ ಹಾಕಿದ್ರಿ ಅಂತ ಅದರಲ್ಲಿ ಹುಡುಕು ಅಂದೆ. ಆಫೀಸಿನ ಫೋನಿನಿಂದ ಅಲ್ಲ, ನನ್ನ ಫೋನಿನಿಂದ, ಟೆರೇಸಿಗೆ ಹೋಗಿ ಹೇಳಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡಳು. ಮೊಮ್ಮಗನನ್ನ ಕರೆದು ಎರಡೂ ತಾರೀಕು ಕ್ಯಾಲೆಂಡರಿನ ಹಿಂದೆ ಬರೆಸಿದಳು. ಆಮೇಲೆ ಕೇಳಿದಳು:

‘ಆ ವರದಿನೂ ನೀನೇ ಬರೆಯೋದಾ?’