ಗಾಜಿನಲ್ಲಿ ಬಂದ ಕೂದಲು

ಲೆಕ್ಕಶಾಸ್ತ್ರದ ತರಗತಿಯಲ್ಲಿ ಸವಕಳಿ ಎಂದರೆ ವರ್ಷದ ಕೊನೆಯಲ್ಲಿ ಬರೆಯುವ ಒಂದು ನಮೂದು. ಯಂತ್ರದ ಬೆಲೆ ಇಷ್ಟು, ಬಾಳಿಕೆ ಇಷ್ಟು ವರ್ಷ, ಆದ್ದರಿಂದ ಪ್ರತಿ ವರ್ಷ ಇಷ್ಟು ಕಳೆಯಿರಿ ಎಂದು ಪುಸ್ತಕ ಹೇಳುತ್ತದೆ. ಆದರೆ ದುಡಿಯುವ ಗಾಡಿಯನ್ನು ನಂಬಿಕೊಂಡ ಮನೆಯಲ್ಲಿ ಎಲ್ಲ ನಷ್ಟವೂ ಮಾರ್ಚ್ 31ರವರೆಗೆ ಕಾಯುವುದಿಲ್ಲ. ನಮ್ಮ ಮನೆಗೆ ಅದು ಕಡಲೆಕಾಳಿನಷ್ಟು ದೊಡ್ಡ ಒಂದು ಕಲ್ಲಾಗಿ ಬಂತು. ನಮ್ಮ ತರಗತಿಯಲ್ಲೇ ಟೆಂಪೊ, ಶಾಲಾ ವ್ಯಾನ್, ಟ್ಯಾಕ್ಸಿ ಓಡಿಸುವವರ ಮಕ್ಕಳು ಬಹಳ ಮಂದಿ ಇದ್ದೇವೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಬ್ಬಾ ಪಿಕಪ್ ಗಾಡಿ ಓಡಿಸುತ್ತಾರೆ. ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಬಾಕ್ಸ್ ತುಂಬಿಕೊಂಡು ಸಂಜೆ ಬೆಂಗಳೂರಿನ ಕಡೆ ಹೊರಡುತ್ತಾರೆ. ಇಳಿಸಿ, ಸ್ವಲ್ಪ ಹೊತ್ತು ಗಾಡಿಯಲ್ಲೇ ಮಲಗಿ, ಬೆಳಗಿನ ಜಾವ ವಾಪಸ್ಸಾಗುತ್ತಾರೆ. ಬೆಂಗಳೂರು ನಮಗೆ ಪಶ್ಚಿಮಕ್ಕಿದೆ. ಹಾಗಾಗಿ ಹೋಗುವಾಗ ಮುಳುಗುವ ಸೂರ್ಯ ಎದುರಿಗೆ, ಬರುವಾಗ ಹುಟ್ಟುವ ಸೂರ್ಯ ಎದುರಿಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನರಸಾಪುರ ದಾಟಿದ ಮೇಲೆ ಅಬ್ಬಾ ಮುಂದೆ ಒಂದು ಟಿಪ್ಪರ್ ಹೋಗುತ್ತಿತ್ತು. ಅದರ ತುಂಬ ಜಲ್ಲಿ, ಮೇಲೆ ಟಾರ್ಪಾಲ್ ಇಲ್ಲ. ರಸ್ತೆ ಸ್ವಲ್ಪ ಕುಲುಕಿದ ಕಡೆ ಒಂದು ಕಲ್ಲು ಹಾರಿ ಬಂದು ಟಪ್ ಎಂದು ಮುಂದಿನ ಗ್ಲಾಸ್‌ಗೆ ಬಡಿಯಿತು. ಟಿಪ್ಪರ್ ಅದರ ಪಾಡಿಗೆ ಮುಂದೆ ಹೋಯಿತು. ಮನೆಗೆ ಬಂದಾಗ ನಾವೆಲ್ಲ ನೋಡಿದೆವು. ಎಡಗಡೆ, ಕೆಳಭಾಗದಲ್ಲಿ, ಹೆಸರುಕಾಳಿನಷ್ಟು ಒಂದು ಗುಳಿ. ಅದರ ಸುತ್ತ ನಕ್ಷತ್ರದ ಹಾಗೆ ನಾಲ್ಕೈದು ಸಣ್ಣ ಗೆರೆಗಳು. ಅಮ್ಮಿ ಬೆರಳಿಟ್ಟು ನೋಡಿ, "ಕಾಂಚ್ ಮೇ ಬಾಲ್ ಪಡ್ ಗಯಾ" ಎಂದರು. ಉರ್ದುವಿನಲ್ಲಿ ಗಾಜಿಗೆ, ಪಿಂಗಾಣಿಗೆ ಸಣ್ಣ ಬಿರುಕು ಬಿಟ್ಟರೆ ಹಾಗೆ ಹೇಳುತ್ತೇವೆ. ಗಾಜಿನಲ್ಲಿ ಕೂದಲು ಬಂತು ಎಂದು ಅರ್ಥ.

ಒಳಗಿನಿಂದ ಮುಟ್ಟಿದರೆ ಗ್ಲಾಸ್ ನುಣ್ಣಗಿತ್ತು. ಏಕೆಂದರೆ ಗಾಡಿಯ ಮುಂದಿನ ಗ್ಲಾಸ್ ಒಂದು ಗಾಜಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿರುತ್ತಾರೆ. ಇದಕ್ಕೆ ಲ್ಯಾಮಿನೇಟೆಡ್ ಗ್ಲಾಸ್ ಎನ್ನುತ್ತಾರೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞರ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಜಾರಿಬಿತ್ತಂತೆ. ಅದು ಒಡೆದರೂ ಚೂರುಗಳು ಚದುರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪದರ ಅವನ್ನು ಹಿಡಿದಿಟ್ಟಿತ್ತು. ಅದರಿಂದ ಹುಟ್ಟಿದ ಗಾಜಿಗೆ ಅವರು 1909ರಲ್ಲಿ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲೂ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಆಗಿರಬೇಕು ಎನ್ನುತ್ತವೆ. ಬಾಗಿಲಿನ ಗ್ಲಾಸ್ ಸಾಮಾನ್ಯವಾಗಿ ಬೇರೆ ಜಾತಿಯದು. ಅದು ಒಡೆದರೆ ಪೂರ್ತಿ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತದೆ. ಮುಂದಿನ ಗ್ಲಾಸ್ ಹಾಗೆ ಉದುರಿದ್ದರೆ ಆ ದಿನ ಅಬ್ಬಾ ಗತಿ ಏನಾಗುತ್ತಿತ್ತೋ. ಅಲ್ಹಮ್ದುಲಿಲ್ಲಾಹ್, ಕಲ್ಲಿನ ಪೆಟ್ಟು ಹೊರಗಿನ ಹಾಳೆಗಷ್ಟೇ ಬಿದ್ದಿತ್ತು.

ಗಾಡಿ ಗ್ಲಾಸ್ ಹಾಕುವ ಅಂಗಡಿಯವರು ಅಬ್ಬಾಗೆ ಪರಿಚಯ. ಫೋನ್ ಮಾಡಿದಾಗ ಅವರು ಹೇಳಿದ್ದು ಎರಡೇ ಮಾತು: "ಮೊದಲು ಪಾರದರ್ಶಕ ಟೇಪ್ ಅಂಟಿಸಿ, ಧೂಳು ನೀರು ಒಳಗೆ ಹೋಗಬಾರದು. ನಾಳೆಯೇ ಬನ್ನಿ, ಫಿಲ್ಲಿಂಗ್ ಮಾಡಿಕೊಡ್ತೀನಿ, 700 ರೂಪಾಯಿ." ಫಿಲ್ಲಿಂಗ್ ಎಂದರೆ ಗುಳಿಯ ಮೇಲೆ ಒಂದು ಸಣ್ಣ ಪಂಪ್ ಕೂರಿಸಿ, ಒಳಗಿನ ಗಾಳಿ ಎಳೆದು, ತೆಳ್ಳಗಿನ ರೆಸಿನ್ ತುಂಬುವುದು. ಆಮೇಲೆ ನೇರಳಾತೀತ ಬೆಳಕಿನ ದೀಪ ಹಿಡಿದರೆ ಅದು ಗಟ್ಟಿಯಾಗುತ್ತದೆ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಆದರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ. ಧೂಳು ತುಂಬಿದ ಗುಳಿಯಲ್ಲಿ ರೆಸಿನ್ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಬೇಗ ಹೋದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ.

ಅಬ್ಬಾ ಟೇಪ್ ಅಂಟಿಸಿದರು. "ಫಿಲ್ಲಿಂಗ್ ಅಭೀ ನಕ್ಕೋ, ಸೀಜನ್ ಹೈ" ಎಂದರು. ಟೊಮೆಟೊ ಸೀಜನ್‌ನಲ್ಲಿ ಅರ್ಧ ದಿನ ಗಾಡಿ ನಿಂತರೆ ಒಂದು ಲೋಡ್ ಬೇರೆಯವರ ಪಾಲಾಗುತ್ತದೆ. ಗಾಡಿಯ ಮೇಲೆ ಸಾಲವಿದೆ, ತಿಂಗಳಿಗೊಮ್ಮೆ ಕಂತು ಕಟ್ಟಬೇಕು. ಅವರ ಮಾತಿನಲ್ಲೂ ನ್ಯಾಯವಿತ್ತು.

ಆದರೆ ಗಾಜು ಸೀಜನ್ ನೋಡುವುದಿಲ್ಲ. ಅಮ್ಮಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಹೊಸ ಬಟ್ಟೆಯನ್ನು ಎಷ್ಟು ಜೋರಾಗಿ ಎಳೆದರೂ ಹರಿಯುವುದಿಲ್ಲ. ಅಂಚಿಗೆ ಕತ್ತರಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿದರೆ ಪರ್ ಎಂದು ಉದ್ದಕ್ಕೂ ಹರಿಯುತ್ತದೆ. ಗಾಜಿನ ಬಿರುಕೂ ಹಾಗೆಯೇ. ಎಳೆತವೆಲ್ಲ ಬಿರುಕಿನ ತುದಿಗೆ ಬಂದು ಸೇರುತ್ತದೆ. ಹಂಪ್ ಹಾರಿಸಿದರೆ, ಬಾಗಿಲನ್ನು ದಡಾರೆಂದು ಹಾಕಿದರೆ, ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿದರೆ ಆ ತುದಿ ಒಂದಿಷ್ಟು ಮುಂದೆ ಹೋಗುತ್ತದೆ. ಎಂಟನೆಯ ದಿನ ಮಧ್ಯಾಹ್ನ ಯಾರ್ಡ್‌ನಲ್ಲಿ, ಬಿಸಿಲಿಗೆ ಕಾದು ನಿಂತಿದ್ದ ಗಾಡಿಗೆ ತೊಳೆಯುವ ಹುಡುಗ ಒಂದು ಬಕೆಟ್ ತಣ್ಣೀರು ಎರಚಿದ. ಅಬ್ಬಾ ನೋಡುತ್ತಿರುವಂತೆಯೇ ಗೆರೆ ಓಡಿತು. ಒಂದು ತುದಿ ಕೆಳಗೆ ಅಂಚಿನವರೆಗೆ, ಇನ್ನೊಂದು ತುದಿ ಸ್ಟಿಯರಿಂಗ್ ಎದುರಿನವರೆಗೆ. ಅಂಗಡಿಯವರು ನೋಡಿ ತಲೆ ಅಲ್ಲಾಡಿಸಿದರು. ಅಂಚು ಮುಟ್ಟಿದ, ಇಷ್ಟು ಉದ್ದದ ಬಿರುಕಿಗೆ ಫಿಲ್ಲಿಂಗ್ ಆಗುವುದಿಲ್ಲ. ಹೊಸ ಗ್ಲಾಸ್, ಕೂಲಿ ಸೇರಿ 4,200 ರೂಪಾಯಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎಂಬ ಗಾದೆಯನ್ನು ಕನ್ನಡ ತರಗತಿಯಲ್ಲಿ ವಿಸ್ತರಿಸಿ ಬರೆದಿದ್ದೆ. ಅದರ ಬೆಲೆ 3,500 ರೂಪಾಯಿ ಎಂದು ಆ ದಿನ ಗೊತ್ತಾಯಿತು.

"ಇನ್ಶೂರೆನ್ಸ್‌ನಲ್ಲಿ ಬರಲ್ವಾ, ಲೆಕ್ಕ ಹಾಕು ಬೇಟಾ" ಎಂದು ಅಬ್ಬಾ ಪಾಲಿಸಿ ಕಾಗದ ನನ್ನ ಮುಂದಿಟ್ಟರು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಮ್ಮ ಗ್ಲಾಸ್‌ಗೆ ಒಂದು ಪೈಸೆಯೂ ಬರುವುದಿಲ್ಲ. ನಮ್ಮದು ಸ್ವಂತ ಗಾಡಿಯ ಹಾನಿಯೂ ಸೇರಿದ ಪಾಲಿಸಿ. ಅದರಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ, ಗಾಜಿಗೆ ಸವಕಳಿಯೇ ಇಲ್ಲ. ಇದನ್ನು ನೋಡಿ ಮೊದಲು ಖುಷಿಯಾಯಿತು. ಆದರೆ ಕ್ಲೈಮ್ ಮಾಡಿದರೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಕ್ಲೈಮ್ ಇಲ್ಲದ ವರ್ಷಗಳಿಗೆ ಅದು ಕ್ರಮವಾಗಿ ಶೇ 20, 25, 35, 45, 50 ಎಂದು ಏರುತ್ತದೆ. ನಮಗೆ ಮುಂದಿನ ಕಂತಿಗೆ ಶೇ 35 ಸಿಗಬೇಕಿತ್ತು. ಸ್ವಂತ ಹಾನಿಯ ಪ್ರೀಮಿಯಂ ಸುಮಾರು 8,000 ರೂಪಾಯಿ ಎಂದಿಟ್ಟುಕೊಂಡರೆ ಮೊದಲ ವರ್ಷ 2,800 ರೂಪಾಯಿ ರಿಯಾಯಿತಿ ತಪ್ಪುತ್ತದೆ. ಅದರ ಮುಂದಿನ ವರ್ಷ ಶೇ 45ರ ಬದಲು ಶೇ 20, ಅಂದರೆ ಇನ್ನೂ 2,000. ಎರಡೇ ವರ್ಷಕ್ಕೆ 4,800 ಆಯಿತು. ಗ್ಲಾಸ್‌ನ ಬೆಲೆಯೇ 4,200. ಅಬ್ಬಾ ಎರಡು ಸಲ ಕೂಡಿಸಿ ನೋಡಿ, "ಹಾಗಾದರೆ ನಮ್ಮ ಕೈಯಿಂದಲೇ ಹಾಕಿಸೋಣ. ಸೀಜನ್ ಮುಗಿಯಲಿ" ಎಂದರು.

ಹಣದ ಮಟ್ಟಿಗೆ ಈ ಲೆಕ್ಕ ಸರಿ. ಯಾವಾಗ ಹಾಕಿಸಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹೇಳಿದ್ದು ಒಬ್ಬ ಹಾಲಿನವನು. ಮೂರು ದಿನದ ನಂತರ ಅಬ್ಬಾ ಬೆಳಿಗ್ಗೆ ಬಂದವರು ಚಹಾ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅಮ್ಮಿ ಎರಡು ಸಲ ಕೇಳಿದ ಮೇಲೆ ಹೇಳಿದರು. ಸೂರ್ಯ ಆಗ ತಾನೇ ಎದ್ದಿದ್ದ. ಬೆಳಕು ಬಿರುಕಿನ ಮೇಲೆ ಬಿದ್ದು ಇಡೀ ಗೆರೆ ಕಾಯಿಸಿದ ತಂತಿಯ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿನ ಹಿಂದೆ, ಮೊಪೆಡ್‌ಗೆ ಎರಡು ಕ್ಯಾನ್ ಕಟ್ಟಿಕೊಂಡು ರಸ್ತೆ ದಾಟುತ್ತಿದ್ದವನು ಕಾಣಿಸಲೇ ಇಲ್ಲ. ಕಾಣಿಸಿದಾಗ ಬ್ರೇಕ್ ಒತ್ತಿದರು. ಖಾಲಿ ಗಾಡಿಯಾದ್ದರಿಂದ ನಿಂತಿತು. ಅವನಿಗೂ ತನಗೂ ನಡುವೆ ಒಂದು ಮಂಚದಷ್ಟು ಜಾಗ ಇತ್ತು ಎಂದರು. ಲೋಡ್ ಇದ್ದಿದ್ದರೆ ಎಂದು ಯಾರೂ ಕೇಳಲಿಲ್ಲ.

ಅಮ್ಮಿ ಜೋರು ಮಾತಿನವರಲ್ಲ. "ಸುನೋ ಜೀ, ಟೊಮೆಟೊ ಮುಂದಿನ ವರ್ಷವೂ ಬೆಳೆಯುತ್ತೆ. ಆ ಹಾಲಿನವನಿಗೆ ಮನೆಯಲ್ಲಿ ಕಾಯುವವರಿರ್ತಾರೆ. ನಾವೂ ಇಲ್ಲಿ ಕಾಯ್ತೀವಿ" ಎಂದರು. ಹೊಲಿಗೆಯ ದುಡ್ಡಿನಿಂದ 2,000 ತಂದು ಚಹಾದ ಪಕ್ಕ ಇಟ್ಟರು. ಆ ದಿನ ಸಂಜೆಯ ಲೋಡ್ ಚಾಚಾ ಗಾಡಿಗೆ ಹೋಯಿತು.

ಗ್ಲಾಸ್ ಹಾಕುವಾಗ ನಾನೂ ಜೊತೆಗೆ ಹೋಗಿದ್ದೆ. ಹೊಸ ಗ್ಲಾಸ್‌ನ ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಎಂಬ ಸಂಖ್ಯೆ ಇದೆಯೇ ಎಂದು ಮೊದಲು ನೋಡಿಕೊಂಡೆವು. ಸುರಕ್ಷತಾ ಗಾಜಿನ ಭಾರತೀಯ ಮಾನಕ ಅದು. ನಮ್ಮ ಗಾಡಿಯ ಗ್ಲಾಸ್ ಕೂರುವುದು ರಬ್ಬರ್ ಬೀಡಿಂಗ್‌ನಲ್ಲಿ. ಬೀಡಿಂಗ್‌ನ ಸಂದಿಗೆ ಸುತ್ತಲೂ ಒಂದು ದಾರ ಇಟ್ಟು, ಸೋಪು ನೀರು ಸವರಿ, ಹೊರಗಿನಿಂದ ಒಬ್ಬರು ಗ್ಲಾಸ್ ಒತ್ತಿ ಹಿಡಿದರು. ಒಳಗಿನಿಂದ ಇನ್ನೊಬ್ಬರು ದಾರವನ್ನು ಮೆಲ್ಲಗೆ ಎಳೆಯುತ್ತ ಬಂದಂತೆ ರಬ್ಬರಿನ ತುಟಿ ಒಳಗೆ ಬಂದು ಕೂತಿತು. ಈಗಿನ ಕಾರುಗಳಲ್ಲಿ ಗ್ಲಾಸನ್ನು ಗಟ್ಟಿ ಅಂಟಿನಿಂದ ಕೂರಿಸುತ್ತಾರೆ. ಅಂಟು ಒಣಗುವವರೆಗೆ ಗಾಡಿ ಓಡಿಸಬಾರದು, ತೊಳೆಯಬಾರದು, ಬಾಗಿಲು ಜೋರಾಗಿ ಹಾಕಬಾರದು. ಎಷ್ಟು ಗಂಟೆ ಎಂದು ಅಂಗಡಿಯವರನ್ನೇ ಕೇಳಿಕೊಳ್ಳಬೇಕು.

ನಿಮ್ಮ ಮನೆಯ ಗಾಡಿಗೆ ಕಲ್ಲು ಬಡಿದರೆ ಇಷ್ಟು ನೋಡಿ. ಗುಳಿ ನಾಣ್ಯಕ್ಕಿಂತ ಚಿಕ್ಕದಿದ್ದು, ಅಂಚಿನಿಂದ ದೂರವಿದ್ದು, ಓಡಿಸುವವರ ಕಣ್ಣಿನ ನೇರಕ್ಕಿಲ್ಲದಿದ್ದರೆ ಫಿಲ್ಲಿಂಗ್ ಸಾಕು. ಕಣ್ಣಿನ ನೇರಕ್ಕಿದ್ದರೆ ಫಿಲ್ಲಿಂಗ್ ಆದ ಮೇಲೂ ಉಳಿಯುವ ಗುರುತು ಬಿಸಿಲಿನಲ್ಲಿ, ಎದುರಿನ ಲೈಟಿನಲ್ಲಿ ತೊಂದರೆ ಕೊಡುತ್ತದೆ. ಅದಕ್ಕೆ ಗ್ಲಾಸ್ ಬದಲಾಯಿಸುವುದೇ ಸರಿ. ಮನೆಯಲ್ಲಿರುವ ಅಂಟು ಹಾಕಬೇಡಿ, ಆಮೇಲೆ ರೆಸಿನ್ ಹೋಗಲು ದಾರಿಯೇ ಇರುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿಗೆ ತಣ್ಣೀರು ಎರಚಬೇಡಿ, ಎಸಿಯ ತಂಪು ಗಾಳಿಯನ್ನು ಒಮ್ಮೆಲೇ ಗ್ಲಾಸ್‌ಗೆ ಬಿಡಬೇಡಿ. ಜಲ್ಲಿ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ ಎಂದು ನಿಮ್ಮ ಅಬ್ಬಾಗೂ ಅಣ್ಣನಿಗೂ ಹೇಳಿ.

ಮನೆಯಲ್ಲಿ ಈಗ ಗಾಡಿಗೆಂದೇ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಡೀಸೆಲ್, ಕಂತು, ಟೈರ್ ಜೊತೆಗೆ "ದುರಸ್ತಿ ಮೀಸಲು" ಎಂಬ ಖಾತೆ ಇದೆ, ತಿಂಗಳಿಗೆ 300 ರೂಪಾಯಿ. ಮೊದಲ ಎರಡು ತಿಂಗಳು ಅಬ್ಬಾ ನಕ್ಕರು, ಈಗ ಕೇಳದೆಯೇ ಕೊಡುತ್ತಾರೆ. ಕಳೆದ ವಾರ ಚಾಚಾ ಗಾಡಿಯ ಗ್ಲಾಸ್‌ಗೂ ಕಲ್ಲು ಬಡಿಯಿತು. ಅಬ್ಬಾ ತಾವೇ ಹೋಗಿ ಟೇಪ್ ಅಂಟಿಸಿ, ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಚಾಚಾನನ್ನು ಕರೆದುಕೊಂಡು ಹೋದರು. 700 ರೂಪಾಯಿಗೆ ಕೆಲಸ ಮುಗಿಯಿತು.