ರಿಪೇರಿಯೋ, ಹೊಸದೋ?

ಗ್ಯಾಸ್ಕೆಟ್ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕುಕ್ಕರಿನ ಮುಚ್ಚಳದ ಸುತ್ತ ಆವಿ ಸೋರತೊಡಗಿತೆಂದರೆ ಗ್ಯಾಸ್ಕೆಟ್ ಹೋಯಿತು, ಪೇಟೆಗೆ ಹೋದಾಗ ಹೊಸದು ತರಬೇಕು ಎಂದು ನೆನಪಿಟ್ಟುಕೊಳ್ಳುವವರು ನಾವೇ ತಾನೇ? ಅದೇ ಮಾತು ಗ್ಯಾರೇಜಿನಲ್ಲಿ ಬಂತೆನ್ನಿ, ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಒಂದು ಕಾಫಿ ತರಿಸಿಕೊಟ್ಟು, ಗಂಡಸರು ಆಚೆ ಹೋಗಿ ಮಾತಾಡಿಕೊಳ್ಳುತ್ತಾರೆ! ಕೆಟ್ಟ ಇಂಜಿನ್ನನ್ನು ರಿಪೇರಿ ಮಾಡಿಸಬೇಕೋ, ಬೇರೆ ಹಾಕಿಸಬೇಕೋ, ಕಾರನ್ನೇ ಮಾರಿಬಿಡಬೇಕೋ ಎನ್ನುವುದು ಮನೆ ಖರ್ಚಿನ ಪ್ರಶ್ನೆ. ಖರ್ಚಿನ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಆ ಪ್ರಶ್ನೆಯೂ ನಿಮ್ಮದೇ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು 2013ರ ಸಣ್ಣ ಪೆಟ್ರೋಲ್ ಕಾರು. ಮನೆ ಮಂಡಗದ್ದೆಯ ಹತ್ತಿರ. ಶಿವಮೊಗ್ಗಕ್ಕೆ ಹೆಚ್ಚು ಕಡಿಮೆ 30 ಕಿಲೋಮೀಟರು. ಮಾವನವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. 2025ರ ಆಗಸ್ಟಿನಲ್ಲಿ ಒಂದು ದಿನ ಆಸ್ಪತ್ರೆಯಿಂದ ವಾಪಸು ಬರುವಾಗ ಸಕ್ರೆಬೈಲಿನ ಹತ್ತಿರ ರೇಡಿಯೇಟರಿನ ರಬ್ಬರ್ ಪೈಪು ಬಿರಿದು ನೀರೆಲ್ಲ ಸೋರಿಹೋಯಿತು. ಮಳೆಯಲ್ಲಿ ಅದು ಯಾರಿಗೆ ಕಾಣಬೇಕು? ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಾಗಲೇ ಗೊತ್ತಾಗಿದ್ದು. ಇವರು ಇಳಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಹಿಂದೆ ನಿಂತ ಲಾರಿಯ ಡ್ರೈವರು, "ಸ್ವಾಮೀ, ಮುಟ್ಬೇಡಿ, ಮುಖ ಬೆಂದು ಹೋಗ್ತದೆ!" ಎಂದು ಕೂಗಿದ. ಪುಣ್ಯಾತ್ಮ, ಚೆನ್ನಾಗಿರಲಿ. ಆ ಮುಚ್ಚಳವೂ ನಮ್ಮ ಕುಕ್ಕರಿನ ವೆಯ್ಟಿನಂತೆಯೇ. ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ. ವಿಷಲ್ ಇಳಿಯುವ ಮೊದಲು ಕುಕ್ಕರ್ ತೆಗೆದರೆ ಬೇಳೆ ಸೂರಿಗೆ ಹಾರುತ್ತದಲ್ಲ, ಇಲ್ಲಿ ಹಾರುವುದು ಕುದಿಯುವ ನೀರು.

ಇಂಜಿನ್ ಹಾಗೆ ಕಾದರೆ ಕೆಡುವುದು ಏನು? ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಇಂಜಿನ್ನಿನ ಕೆಳಗಿನ ಭಾಗ, ಅಂದರೆ ಬ್ಲಾಕು, ನಮ್ಮ ಕಾರಿನಲ್ಲಿ ಎರಕದ ಕಬ್ಬಿಣದ್ದು. ಮೇಲಿನ ಹೆಡ್ಡು ಅಲ್ಯೂಮಿನಿಯಮ್ಮಿನದು. ಎರಡರ ನಡುವೆ ಗ್ಯಾಸ್ಕೆಟ್. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬರಿದಾಗಿ ಒಲೆಯ ಮೇಲೆ ಮರೆತ ಅಲ್ಯೂಮಿನಿಯಂ ಪಾತ್ರೆಯ ತಳ ಸೊಟ್ಟಗಾಗಿ ಆಮೇಲೆ ಕಟ್ಟೆಯ ಮೇಲೆ ಗಿರಗಿರನೆ ತಿರುಗುವುದನ್ನು ನೀವು ನೋಡಿಲ್ಲವೇ? ಹೆಡ್ಡೂ ಹಾಗೇ ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಹಿಡಿತ ಬಿಟ್ಟು ನೀರು ಆಯಿಲ್ಲಿಗೆ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಈ ಎರಡು ಕಂಡರೆ ಗಾಡಿಯನ್ನು ಸ್ಟಾರ್ಟ್ ಮಾಡಕೂಡದು, ಎಳೆಸಿಕೊಂಡೇ ಹೋಗಬೇಕು. ನೀರು ಬೆರೆತ ಆಯಿಲ್ಲಿನಲ್ಲಿ ಓಡಿಸಿದರೆ ಕೆಳಗಿನ ಬೇರಿಂಗುಗಳೂ ಹಾಳು.

ಇನ್ನು ಸಲಹೆಗಳ ಮಳೆ. ದೊಡ್ಡ ವರ್ಕ್‌ಶಾಪಿನವರು ಗಾಡಿಯ ಒಂದು ಬೋಲ್ಟನ್ನೂ ಬಿಚ್ಚದೆ, "ಹೊಸ ಇಂಜಿನ್ನೇ ಹಾಕ್ಬೇಕು ಮೇಡಂ, 1,10,000 ಆಗುತ್ತೆ" ಎಂದರು. ನನ್ನ ಮೈದುನ, "ಅತ್ತಿಗೇ, ಕೆಟ್ಟಿರೋ ಹಾಗೇ ಮಾರಿಬಿಡಿ, 55,000 ಕೊಡೋರಿದ್ದಾರೆ. ಸಾಲ ಮಾಡಿ ಹೊಸದು ತಗೊಳ್ಳಿ" ಎಂದ. ಇವರ ಮನಸ್ಸೂ ಅತ್ತಲೇ. "ಓಡೋ ಸ್ಥಿತಿಯಲ್ಲಿದ್ರೂ 1,70,000 ಬಾಳೋದಿಲ್ಲ, ಅದಕ್ಕೆ ದುಡ್ಡು ಸುರಿಯೋದು ದಂಡ ಕಣೇ" ಎನ್ನುವುದು ಇವರ ವಾದ. ಇನ್ಶೂರೆನ್ಸ್ ಇದೆಯಲ್ಲ ಎನ್ನುತ್ತೀರಾ? ಸಾಧಾರಣ ಪಾಲಿಸಿ ಅಪಘಾತಕ್ಕೆ, ಕಳ್ಳತನಕ್ಕೆ ಕೊಡುತ್ತದೆಯೇ ಹೊರತು ತಾನಾಗಿ ಕೆಟ್ಟ ಯಂತ್ರಕ್ಕೆ ಕೊಡುವುದಿಲ್ಲ.

ಈ ಚರ್ಚೆ ನಡೆಯುವಾಗ ಬಾಡಿಗೆ ಕಾರು ಬರುತ್ತಿತ್ತು. ಹೋಗಿ, ಕಾದು, ವಾಪಸು ತರಲು ಒಂದು ಸಲಕ್ಕೆ 1,600 ರೂಪಾಯಿ. ಮೂರನೇ ಸಲ ಹೋಗಿ ಬಂದ ರಾತ್ರಿ ಮಾವನವರು ಊಟದ ತಟ್ಟೆಯ ಮುಂದೆ ಕೂತು, "ವಾರಕ್ಕೊಂದ್ಸಲ ಹೋದ್ರೆ ಸಾಲ್ದೇನಮ್ಮಾ? ನಂಗೇನೂ ಅಷ್ಟು ಆಯಾಸ ಇಲ್ಲ" ಎಂದರು. ಅವರ ಕಾಲು ಆಗಲೇ ಬಾತುಕೊಂಡಿತ್ತು. ನಾನು ಉತ್ತರ ಕೊಡಲಿಲ್ಲ, ಮಜ್ಜಿಗೆ ಬಡಿಸಿದೆ. ಡಾಕ್ಟರು ಅವರಿಗೆ ಕುಡಿಯಲು ಅಳತೆ ಹಾಕಿಕೊಟ್ಟಿದ್ದಾರೆ, ಅರ್ಧ ಲೋಟ ಅಷ್ಟೇ. ಅವರು ಮಲಗಿದ ಮೇಲೆ ಪುಸ್ತಕ ತೆಗೆದು ಕೂತೆ.

ನನಗೆ ತೋಚಿದ್ದು ಇಷ್ಟು. ಎಲ್ಲರೂ ಕೇಳುತ್ತಿದ್ದುದು "ಈ ಕಾರು ಎಷ್ಟು ಬಾಳುತ್ತೆ?" ಎಂದು. ಅದು ಮಾರುವವರು ಕೇಳಬೇಕಾದ ಪ್ರಶ್ನೆ. ನಾವು ಕೇಳಿಕೊಳ್ಳಬೇಕಾದದ್ದು, ಇದೇ ಓಡಾಟಕ್ಕೆ ಬೇರೆ ದಾರಿ ಹಿಡಿದರೆ ಎಷ್ಟು ಬೀಳುತ್ತದೆ ಎಂದು. 7 ಲಕ್ಷ ಸಾಲ ತೆಗೆದರೆ ಶೇಕಡಾ 9ರ ಬಡ್ಡಿಯಲ್ಲಿ 5 ವರ್ಷ ತಿಂಗಳಿಗೆ 14,500 ಚಿಲ್ಲರೆ ಕಂತು. ಬಾಡಿಗೆ ಕಾರೇ ಆದರೆ ತಿಂಗಳಿಗೆ ಎಂಟು ಸಲ, 12,800. ಮಗಳ ಹಾಸ್ಟೆಲ್ ಫೀಜಿಗೆಂದು ಬ್ಯಾಂಕಿನಲ್ಲಿಟ್ಟ ದುಡ್ಡನ್ನು ಮುಟ್ಟದೆ ಇವೆರಡೂ ಆಗುವ ಮಾತಲ್ಲ. ರಿಪೇರಿ 30,000ಕ್ಕೆ ಮುಗಿದರೆ ಅದು ಹೊಸ ಕಾರಿನ ಎರಡು ಕಂತು. ಆಮೇಲೆ ಗಾಡಿ ಒಂದು ವರ್ಷ ಓಡಿದರೂ ಸಾಕು, ನಾವು ಗೆದ್ದೆವು. ಹೀಗೆ ಹೇಳಿದಾಗ ಇವರು ಸುಮ್ಮನಾದರು. ಒಪ್ಪಿದರೆಂದಲ್ಲ, ಸುಮ್ಮನಾದರು!

ಆದರೆ ರಿಪೇರಿ 30,000ಕ್ಕೆ ಮುಗಿಯುತ್ತದೆಂದು ಯಾರು ಹೇಳಬೇಕು? ಬಿಚ್ಚಿ ನೋಡದೆ ದೇವರೂ ಹೇಳಲಾರ. ಬಿಚ್ಚುವ ಕೂಲಿ ಎಷ್ಟೆಂದು ಮೊದಲೇ ಕೇಳಿ. ಆಮೇಲೆ ರಿಪೇರಿ ಬೇಡವೆಂದರೂ ಅದನ್ನು ಕೊಡಲೇಬೇಕು. ನಮ್ಮ ಮೇಸ್ತ್ರಿ 6,000 ಎಂದ. ಇನ್ನೊಂದು, ಬಿಚ್ಚುವ ಮೊದಲೇ ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಡಿ. ನಾನು 45,000 ಎಂದು ಬರೆದೆ. ಅದು ದಾಟಿದರೆ ಮಾರುವುದೇ ಸೈ. ಬಿಚ್ಚಿದ ಮೇಲೆ "ಇದನ್ನೂ ಹಾಕ್ಬಿಡೋಣ, ಅದನ್ನೂ ಮಾಡ್ಬಿಡೋಣ" ಎಂಬ ಮಾತು ಶುರುವಾಗುತ್ತದೆ, ಮದುವೆ ಸೀರೆ ಅಂಗಡಿಯ ಹಾಗೆ.

ಹೆಡ್ಡು ತೆಗೆದ ದಿನ ನಾನೂ ಹೋಗಿದ್ದೆ. ಕಾಫಿ ಬೇಡವೆಂದು ಹೇಳಿ ಒಳಗೇ ನಿಂತೆ. ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ನಡುವೆ ಕಾಗದಕ್ಕಿಂತ ತೆಳುವಾದ ತಗಡು ತೂರಿಸಿ ಅಳೆಯುತ್ತಾರೆ. ಬಹಳ ಸಣ್ಣ ಇಂಜಿನ್ನುಗಳಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಸೊಟ್ಟವಿರಬಾರದಂತೆ. ನಮ್ಮದು ಅದನ್ನು ದಾಟಿತ್ತು, ಆದರೂ ಲೇತ್ ಅಂಗಡಿಯಲ್ಲಿ ಹೆರೆಸಿ ಸಮ ಮಾಡುವಷ್ಟರಲ್ಲೇ ಇತ್ತು. ಇನ್ನು ಸಿಲಿಂಡರಿನ ಗೋಡೆ. "ಅಕ್ಕಾ, ಉಗುರು ಆಡಿಸಿ ನೋಡಿ" ಎಂದ ಮೇಸ್ತ್ರಿ. ಗೀರು ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಚಿಂತೆಯಿಲ್ಲ. ಉಗುರು ತಡೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬೇಕು, ಖರ್ಚು ದುಪ್ಪಟ್ಟಾಗುತ್ತದೆ. ಮೂರು ಸಿಲಿಂಡರಿನಲ್ಲೂ ಉಗುರು ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಒಳಗೆ ಬಿರುಕಿಲ್ಲವೆಂದು ಹೆಡ್ಡಿಗೆ ಒತ್ತಡ ಕೊಟ್ಟು ಪರೀಕ್ಷಿಸಿದ್ದೂ ಆಯಿತು. ಗ್ಯಾಸ್ಕೆಟ್, ಹೆಡ್ಡಿನ ಬೋಲ್ಟು, ರಬ್ಬರ್ ಪೈಪುಗಳು, ವಾಟರ್ ಪಂಪು, ಆಯಿಲ್, ಲೇತಿನ ಕೆಲಸ, ಕೂಲಿ ಎಲ್ಲ ಸೇರಿ 31,400 ರೂಪಾಯಿ.

ಮೂರನೆಯ ದಾರಿ, ಹಳೆಯ ಇಂಜಿನ್ ಕೊಂಡು ಕೂರಿಸುವುದು. ಅಗ್ಗವಾಗಿ ಸಿಗುತ್ತದೆ ನಿಜ. ಆದರೆ ಅದು ಯಾವ ಗಾಡಿಯದು, ಆ ಗಾಡಿ ಏಕೆ ಗುಜರಿಗೆ ಬಂತು ಎನ್ನುವುದಕ್ಕೆ ಬಿಲ್ಲು, ಹಳೆಯ ಆರ್.ಸಿ. ಪ್ರತಿ ಇಲ್ಲದಿದ್ದರೆ ಅತ್ತ ತಲೆ ಹಾಕಬೇಡಿ. ಇಂಜಿನ್ ನಂಬರು ನಿಮ್ಮ ಆರ್.ಸಿ.ಯಲ್ಲಿದೆ. ಇಂಜಿನ್ ಬದಲಾದರೆ ಆರ್.ಟಿ.ಓ.ಗೆ ತಿಳಿಸಿ ಹೊಸ ನಂಬರು ಬರೆಸಬೇಕು, ಇನ್ಶೂರೆನ್ಸಿನವರಿಗೂ ಹೇಳಬೇಕು. ಕದ್ದ ಮಾಲೆಂದು ಗೊತ್ತಾದರೆ ಪೊಲೀಸ್ ಸ್ಟೇಷನ್ ಅಲೆಯುವವರು ನೀವೇ.

ಎಲ್ಲ ಗಾಡಿಗೂ ರಿಪೇರಿಯೇ ಸರಿ ಎಂದು ನಾನು ವಾದಿಸುವುದಿಲ್ಲ. ನಮ್ಮ ಸಂಬಂಧಿಕರೊಬ್ಬರ ಕಾರಿನಲ್ಲಿ ಬ್ಲಾಕೇ ಬಿರುಕು ಬಿಟ್ಟಿತ್ತು, ಬಾಡಿಯ ಅಡಿಭಾಗ ತುಕ್ಕು ಹಿಡಿದು ಕೈ ಹಾಕಿದರೆ ಉದುರುತ್ತಿತ್ತು. ಅವರು ಸಿಕ್ಕಿದ ಬೆಲೆಗೆ ಕೊಟ್ಟರು, ಸರಿಯಾಗಿಯೇ ಮಾಡಿದರು.

ರಿಪೇರಿಯಾದ ಗಾಡಿಯನ್ನು ಮೊದಮೊದಲು ಬಾಣಂತಿಯ ಹಾಗೆ ನೋಡಿಕೊಳ್ಳಬೇಕು. ಹೆಚ್ಚು ಓಡಿಸಬಾರದು, ಏರಿನಲ್ಲಿ ದಬಾಯಿಸಬಾರದು. ಮೇಸ್ತ್ರಿ ಹೇಳಿದಂತೆ 1,000 ಕಿಲೋಮೀಟರಿಗೇ ಆಯಿಲ್ ಬದಲಾಯಿಸಿದೆವು. ರೇಡಿಯೇಟರಿಗೆ ಬಾವಿ ನೀರು ಹಾಕುವುದನ್ನು ಬಿಟ್ಟು ಕೂಲೆಂಟನ್ನೇ ಹಾಕುತ್ತೇವೆ. ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯ ಗೆರೆ ನೋಡುವುದು, ಆಯಿಲ್ ಕಡ್ಡಿ ಒರೆಸಿ ನೋಡುವುದು ನನ್ನ ಕೆಲಸ, ಎರಡು ನಿಮಿಷ ಸಾಕು. ರಬ್ಬರ್ ಪೈಪನ್ನು ಒತ್ತಿಯೂ ನೋಡುತ್ತೇನೆ. ಮೆತ್ತಗೆ ಉಬ್ಬಿದ್ದರೂ, ಗಟ್ಟಿಯಾಗಿ ಬಿರಿಯುತ್ತಿದ್ದರೂ ಬದಲಾಯಿಸಬೇಕು.

2028ಕ್ಕೆ ಕಾರಿಗೆ 15 ವರ್ಷ ತುಂಬುತ್ತದೆ, ರಿಜಿಸ್ಟ್ರೇಷನ್ ಹೊಸದು ಮಾಡಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿಸಿದ್ದಾರೆ. ಅಷ್ಟರಲ್ಲಿ ಮಗಳ ಓದು ಮುಗಿದಿರುತ್ತದೆ. ಇವರು ಈಗಲೇ ಹೊಸ ಕಾರುಗಳ ಬಣ್ಣದ ಪುಸ್ತಕ ತಂದಿಟ್ಟುಕೊಂಡಿದ್ದಾರೆ. ಮಂಗಳವಾರ, ಶುಕ್ರವಾರ ಮಾತ್ರ ಬೆಳಿಗ್ಗೆ ಆರೂವರೆಗೆ ನಮ್ಮ ಹಳೇ ಗಾಡಿಯೇ ಹೊರಡುತ್ತದೆ, ಮಾವನವರು ಮುಂದಿನ ಸೀಟಿನಲ್ಲಿ.